ಕಡಲಿಗೂ ಬಿತ್ತನೆ ಕಾಲವುಂಟು



ಈ ಹೊತ್ತು ನಾನು ಗೊಬ್ಬರದ ಮಾತು ಎತ್ತುವುದಿಲ್ಲ. ನೇಗಿಲಿಲ್ಲದ ಒಬ್ಬ ಬೇಸಾಯಗಾರನ ಸಂಸಾರದ ಸಂಗತಿ ಹೇಳುತ್ತೇನೆ. ಕೇಳಿ, ಕೊನೆಗೆ ಅದು ನಿಮ್ಮ ಮನೆಯ ಮಾತೇ ಆದೀತು.

ಉಡುಪಿಗೆ ಪಡುವಲಲ್ಲಿ, ಉದ್ಯಾವರ ಹೊಳೆ ಸಮುದ್ರ ಸೇರುವ ಕಡೆ, ಮಲ್ಪೆ ಬಂದರು ಇದೆ. ತೆಂಗಿನ ಮರಗಳ ರೋಗ ನೋಡಲೆಂದು ಮೇ ತಿಂಗಳ ಕಡೆಯಲ್ಲಿ ಅಲ್ಲಿನ ಒಂದು ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಆರು ತೆಂಗಿನ ಮರ. ಜಗಲಿಯಲ್ಲಿ ಮನೆಯ ಯಜಮಾನ ಹರಿದ ಬಲೆ ಸರಿಮಾಡುತ್ತ ಕೂತಿದ್ದ. ಆತ ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವ.

ಆತನ ದುಡಿಮೆ ಹೇಗೆ ಗೊತ್ತೆ? ಡೀಸೆಲ್, ಐಸು, ಅಕ್ಕಿ, ಕುಡಿಯುವ ನೀರು ತುಂಬಿಕೊಂಡು ಬೋಟು ಹೊರಟರೆ ಮರಳಿ ದಡ ಕಾಣುವುದು ಹತ್ತು ದಿನಕ್ಕೆ. ಹಗಲೂ ರಾತ್ರಿ ಬಲೆ ಬಿಡುವುದು, ಎಳೆಯುವುದು. ನಿದ್ದೆ ಸರದಿಯ ಮೇಲೆ. ಬಂದರಿಗೆ ಬಂದ ಮೇಲೆ ಮೀನು ಏಲಮ್ ಆಗಬೇಕು. ಖರ್ಚು ಕಳೆದು ಉಳಿದದ್ದರಲ್ಲಿ ಪಾಲು. ಕೆಲವು ಸಲ ಡೀಸೆಲಿನ ದುಡ್ಡೂ ಹುಟ್ಟುವುದಿಲ್ಲ. ಮಳೆ ಕೈಕೊಟ್ಟ ವರ್ಷದ ನಮ್ಮ ಹೊಲದ ಹಾಗೆಯೇ ನೋಡಿ.

ಗಂಡ ನೀರಿನ ಮೇಲಿರುವಾಗ ಮನೆ ನಡೆಸುವುದು ಹೆಂಡತಿಯ ಬುಟ್ಟಿ. ಆಕೆ ಬೆಳಕು ಹರಿಯುವ ಮುಂಚೆ ಬಂದರಿಗೆ ಹೋಗಿ ಬಂಗುಡೆ, ಬೂತಾಯಿ ಏಲಮಿನಲ್ಲಿ ಹಿಡಿದು, ಪೇಟೆಯಲ್ಲಿ ಕೂತು ಮಾರಿ ಬರುತ್ತಾಳೆ.

ಇನ್ನು ಕಷ್ಟದ ಕಾಲ ಕೇಳಿ. ಜೂನ್ ೧ರಿಂದ ಜುಲೈ ೩೧ರ ತನಕ, ೬೧ ದಿನ, ನಮ್ಮ ಕರಾವಳಿಯಲ್ಲಿ ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ೧೯೮೬ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯಿದೆಯ ಮೇಲೆ ಸರಕಾರ ಹೀಗೆ ಆಜ್ಞೆ ಮಾಡುತ್ತದೆ. ಮಳೆಗಾಲದ ಕಡಲು ಅಪಾಯದ್ದು, ಇದು ಒಂದು ಕಾರಣ. ಬಹಳ ಜಾತಿಯ ಮೀನು ಮೊಟ್ಟೆ ಇಡುವ ಕಾಲವೂ ಅದೇ. ನೀವು ಬಿತ್ತುವ ಹೊತ್ತಿಗೆ ಕಡಲಿನೊಳಗೂ ಬಿತ್ತನೆ ನಡೆದಿರುತ್ತದೆ.

“ಕಾನೂನು ಸರಿ ಸಾರ್. ಆದ್ರೆ ಎರಡು ತಿಂಗಳು ಹೊಟ್ಟೆಗೆ ಎಂಥ ಮಾಡುದು?” ಎಂದು ಆತ ಕೇಳಿದ.

ಉತ್ತರ ಹೇಳಿದ್ದು ನಾನಲ್ಲ, ಒಳಗಿನಿಂದ ಬಂದ ಆತನ ಹೆಂಡತಿ. ಮದುವೆಯಾದ ಹೊಸದರಲ್ಲಿ ಮಳೆಗಾಲದ ಖರ್ಚಿಗೆಂದು ಒಬ್ಬ ವ್ಯಾಪಾರಿಯಿಂದ ಮುಂಗಡ ತಂದರಂತೆ. ಮುಂದೆ ಹಿಡಿದ ಪಾಲೆಲ್ಲ ಅವನು ಹೇಳಿದ ಕ್ರಯಕ್ಕೇ ಹೋಯಿತು. ಆ ಸಾಲ ತೀರಲು ಮೂರು ವರ್ಷ ಹಿಡಿಯಿತು. “ಅಂದಿನಿಂದ ನಾನು ಬುಟ್ಟಿ ಖಾಲಿಯಾದ ದಿನವೇ ಸ್ವಲ್ಪ ಹಣ ಸಂಘಕ್ಕೆ ಕಟ್ಟುತ್ತೇನೆ ಸಾರ್. ನಾಳೆ ಎಂದರೆ ಅದು ಕಟ್ಟಿದ ಹಾಗೇ ಅಲ್ಲ,” ಎಂದಳು. ಬೇಸಗೆಯಲ್ಲಿ ಅಗ್ಗಕ್ಕೆ ಸಿಕ್ಕ ಮೀನನ್ನು ತೊಳೆದು ಉಪ್ಪು ಹಾಕಿ, ಮರಳಿನ ಮೇಲೆ ಹರಡದೆ, ನೆಲದಿಂದ ಎತ್ತರಕ್ಕೆ ಕಟ್ಟಿದ ಬಲೆಯ ಮೇಲೆ ಒಣಗಿಸುತ್ತಾಳೆ. ಮಣ್ಣು ತಾಗದ ಒಣಮೀನು ಹೆಚ್ಚು ದಿನ ಬಾಳುತ್ತದೆ, ಒಳ್ಳೆಯ ಕ್ರಯವೂ ಬರುತ್ತದೆ.

ಸರಕಾರದ ನೆರವೂ ಉಂಟು. ೨೦೨೦ರಲ್ಲಿ ಆರಂಭವಾದ ಮತ್ಸ್ಯ ಸಂಪದ ಯೋಜನೆಯಲ್ಲಿ ಬಡ ಮೀನುಗಾರ ೧,೫೦೦ ರೂಪಾಯಿ ಉಳಿಸಿದರೆ, ಸರಕಾರ ೩,೦೦೦ ಕೂಡಿಸಿ ಬರಗೈಯ ತಿಂಗಳುಗಳಲ್ಲಿ ಕೊಡುವಂತೆ ಗೊತ್ತುಮಾಡಿದರು. ನಿಮ್ಮ ಕಿಸಾನ್ ಕ್ರೆಡಿಟ್ ಕಾರ್ಡನ್ನು ೨೦೧೮-೧೯ರಲ್ಲಿ ಮೀನುಗಾರರಿಗೂ ವಿಸ್ತರಿಸಿದರು.

ಅಷ್ಟರಲ್ಲಿ ಮಗ ಬಂದ. ಬೇರೆ ಬೋಟಿನಲ್ಲಿ ದುಡಿಯುವ ಹುಡುಗ. “ಸಣ್ಣ ಕಣ್ಣಿನ ಬಲೆ ಹಾಕಿದವರಿಗೆ ದುಡ್ಡು ಹೆಚ್ಚು. ಮರಿಮೀನನ್ನೂ ಮೀನುಪುಡಿ ಮಿಲ್ಲಿನವರು ತೂಕಕ್ಕೆ ತೆಗೆದುಕೊಳ್ತಾರೆ. ನಾವು ಮಾತ್ರ ಯಾಕೆ ಬಿಡಬೇಕು?” ಎಂದು ಜಗಳ ತೆಗೆದ. ಟ್ರಾಲ್ ಬಲೆಯ ಬಾಲದ ಚೀಲಕ್ಕೆ ೩೫ ಮಿಲಿಮೀಟರ್ ಚೌಕ ಕಣ್ಣು ಇರಬೇಕೆಂಬ ನಿಯಮ ಇರುವುದು ಮರಿಗಳು ತಪ್ಪಿಸಿಕೊಳ್ಳಲಿ ಎಂದೇ.

ತಂದೆ ಬಲೆ ಕೆಳಗಿಟ್ಟ. “೨೦೧೨ರ ನಂತರ ಕೇರಳದ ಕಡೆ ಬೂತಾಯಿ ಹೇಗೆ ಇಳಿದುಹೋಯ್ತು, ಮರೆತೆಯಾ? ಬೀಜದ ಭತ್ತ ಬೇಯಿಸಿ ಉಂಡವ ಮುಂದೆ ಏನು ಬಿತ್ತುತ್ತಾನೆ?” ಎಂದ. ಬೂತಾಯಿ ಇಳಿಯಲು ಕಡಲಿನ ಹವೆಯ ಏರುಪೇರು ಒಂದು ಕಾರಣ, ಮರಿ ಹಿಡಿದದ್ದು ಇನ್ನೊಂದು. ಹವೆ ನಮ್ಮ ಕೈಯಲ್ಲಿಲ್ಲ, ಬಲೆ ನಮ್ಮ ಕೈಯಲ್ಲಿದೆ. ಹುಡುಗ ಒಪ್ಪಿದನೆಂದು ನಾನು ಹೇಳಲಾರೆ. ಸುಮ್ಮನೆ ಎದ್ದು ಹೋದ.

ಬಾಂಧವರೇ, ಆ ಮನೆಯಿಂದ ನಾನು ತಂದದ್ದು ಮೂರು ಮಾತು. ಕೈ ತುಂಬಿದ ತಿಂಗಳಲ್ಲೇ ಬರಗೈಯ ತಿಂಗಳಿಗೆ ಎತ್ತಿಡಿ. ಫಸಲು ಕೈಗೆ ಬರುವ ಮುಂಚೆ ಅದನ್ನು ಮುಂಗಡಕ್ಕೆ ಒತ್ತೆಯಿಡಬೇಡಿ, ಸಂಘಕ್ಕೋ ಬ್ಯಾಂಕಿಗೋ ಹೋಗಿ ಕೇಳಿ. ಮೂರನೆಯದು, ಹೊಲದ್ದಾಗಲಿ, ನಿಮ್ಮೂರ ಕೆರೆಯದ್ದಾಗಲಿ, ಬೀಜವನ್ನು ತಿನ್ನಬೇಡಿ. ಸಂತೆಯಲ್ಲಿ ಬೆರಳುದ್ದದ ಬಂಗುಡೆ ಮರಿ ಅಗ್ಗಕ್ಕೆ ಸಿಕ್ಕರೂ ಬೇಡವೆನ್ನಿ.

ಆಗಸ್ಟ್ ಬಂದಾಗ ಮಲ್ಪೆಯವರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಬೋಟು ಬಿಡುತ್ತಾರೆ. ಆ ಹೊತ್ತಿಗೆ ನಿಮ್ಮ ಗದ್ದೆಯೂ ಹಸಿರಾಗಿರಲಿ.