ತವರಿಗೆ ಹೋಗುವ ಬಸುರಿ



ಹೆರಿಗೆಯ ಮಾತು ಗಂಡಸರ ಸಭೆಯಲ್ಲಿ ಏಕೆಂದು ಕೇಳಬಹುದು. ಗಾಡಿ ತರಿಸುವವರು, ರೊಕ್ಕ ಹೊಂದಿಸುವವರು, "ನಾಳೆ ನೋಡೋಣ" ಎನ್ನುವವರು ಹೆಚ್ಚಾಗಿ ನಾವೇ, ಆದ್ದರಿಂದ.

ನಮ್ಮ ಕಡೆ ಏಳನೆಯ ತಿಂಗಳಿಗೆ ಕುಬಸ ಮಾಡಿ ಚೊಚ್ಚಲ ಬಸುರಿಯನ್ನು ತವರಿಗೆ ಕಳಿಸುತ್ತೇವೆ. ಪದ್ಧತಿ ಒಳ್ಳೆಯದೇ, ಹುಡುಗಿಗೆ ನಾಲ್ಕು ದಿನ ವಿಶ್ರಾಂತಿ. ಆದರೆ ರಕ್ತದೊತ್ತಡ ಏರಿ ಬಸುರು ನಂಜಾಗುವುದು ಬಹುಮಟ್ಟಿಗೆ ಆ ಕಡೆಯ ತಿಂಗಳುಗಳಲ್ಲೇ, ಅದರಲ್ಲೂ ಚೊಚ್ಚಲಿನಲ್ಲಿ ಹೆಚ್ಚು. ಕಿತ್ತೂರಿನ ಸೊಸೆ ರಾಮದುರ್ಗದ ತವರಿಗೆ ಹೋದಳೆನ್ನಿ. ಸೀರೆ, ಬಳೆ, ಬುತ್ತಿ ಎಲ್ಲವೂ ಜೊತೆಗೆ ಹೋಗುತ್ತವೆ; ತಾಯಿ ಕಾರ್ಡು ಮಾತ್ರ ಗಂಡನ ಮನೆಯ ಗೂಡಿನಲ್ಲಿ ಉಳಿಯುತ್ತದೆ. ಹಿಂದಿನ ತಿಂಗಳು ಒತ್ತಡ ಎಷ್ಟಿತ್ತೆಂಬುದು ಅಲ್ಲಿಯ ನರ್ಸಮ್ಮನಿಗೆ ಹೇಗೆ ತಿಳಿಯಬೇಕು?

ಒತ್ತಡ 140/90 ಮುಟ್ಟಿದರೆ ಎಚ್ಚರ. 160/110 ಆದರೆ ತಡಮಾಡದೆ ದವಾಖಾನೆ. ತಲೆಸಿಡಿತ, ಕಣ್ಣು ಮಂಜಾಗುವುದು, ಮುಖ-ಕೈ ಒಮ್ಮೆಲೇ ಬಾಯುವುದು, ಬಲಪಕ್ಕೆಯ ಕೆಳಗೆ ನೋವು ಇವು ಗುರುತುಗಳು. ಕೊನೆಯದನ್ನು ಪಿತ್ತವೆಂದು ಬಗೆದು ಸೋಡಾ ಕುಡಿಸುವವರುಂಟು. ವಿರಳವಾದರೂ ಅದು ಯಕೃತ್ತು ಕೆಟ್ಟು ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತಿರುವುದರ ಗುರುತಾಗಿರಬಹುದು. ಅಂಗಡಿಕಾರರೇ, ಬಸುರಿಗೆಂದು ಸೋಡಾ ಕೇಳಿದರೆ ಗಾಡಿ ಹೂಡಿಸಿರಿ, ಇಲ್ಲವೆ 108ಕ್ಕೆ ಕರೆಮಾಡಿರಿ. ಸೆಳವು ಬಂದರಂತೂ "ಗಾಳಿ ಸೋಕಿದೆ" ಎಂದು ಅಂಗಾರ ಹಚ್ಚಿ ಕೂಡುವ ವೇಳೆಯಲ್ಲ. ಮೆಗ್ನೀಸಿಯಂ ಸಲ್ಫೇಟ್ ಎಂಬ ಅಗ್ಗದ ಔಷಧವಿದೆ. ನಂಜೇರಿದವರಲ್ಲಿ ಸೆಳವಿನ ಅಪಾಯವನ್ನು ಅದು ಅರ್ಧಕ್ಕಿಳಿಸುತ್ತದೆಂದು 33 ದೇಶಗಳ ಹತ್ತು ಸಾವಿರಕ್ಕೂ ಮಿಕ್ಕಿದ ಹೆಂಗಸರ ಮೇಲಿನ ಪರೀಕ್ಷೆ 2002ರಲ್ಲೇ ತೋರಿಸಿತು. ಹೆರಿಗೆಯಾದ ಮೇಲೂ ಸೆಳವು ಬರಬಹುದು, ನೆನಪಿರಲಿ.

ರಕ್ತ ಹೋಗುವುದು ಇನ್ನೊಂದು. ನೋವಿಲ್ಲದೆ ಕೆಂಪು ರಕ್ತ ಹೋದರೆ ಮಾಸು ಗರ್ಭದ ಬಾಯಿಗೆ ಅಡ್ಡವಾಗಿರಬಹುದು. ಹೊಟ್ಟೆ ಕಲ್ಲಿನಂತೆ ಬಿಗಿದು ನೋಯುತ್ತಿದ್ದರೆ ಮಾಸು ಕಳಚಿ, ಹೊರಗೆ ಹನಿಯೂ ಕಾಣದೆ ಒಳಗೇ ರಕ್ತ ಸುರಿಯುತ್ತಿರಬಹುದು.

2014ರಿಂದ 2016ರ ವರೆಗೆ ನಮ್ಮ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಒತ್ತಡ ಅಳೆದ ಪ್ರಯೋಗ ನಡೆಯಿತು. ಪಾಕಿಸ್ತಾನ, ಮೊಜಾಂಬಿಕ್‌ಗಳಲ್ಲೂ ನಡೆದು ಮೂರರ ಒಟ್ಟು ವರದಿ 2020ರಲ್ಲಿ ಹೊರಬಿತ್ತು. ಒಟ್ಟಾರೆ ಲೆಕ್ಕದಲ್ಲಿ ಸಾವು-ನೋವು ತಗ್ಗಲಿಲ್ಲ. ಆದರೆ 8 ಅಥವಾ ಹೆಚ್ಚು ಭೇಟಿ ಸಿಕ್ಕವರಲ್ಲಿ ಶಿಶು ಸತ್ತು ಹುಟ್ಟುವುದು ಬಹಳ ಕಡಿಮೆಯಿತ್ತು. ನನಗೆ ತೋರುವುದಿಷ್ಟು: ಒಂದು ಸಲ ಪಟ್ಟಿ ಕಟ್ಟಿ ಅಳೆದರೆ ಸಾಲದು, ಅಳೆದ ಮೇಲೆ ಸೇರಿಸಿಕೊಳ್ಳಲು ಸಜ್ಜಾದ ದವಾಖಾನೆ ಬೇಕು.

ಎಂಟು ಸಲ ತೋರಿಸಿಕೊಳ್ಳಲು ಎಂಟು ದಿನದ ಪಗಾರ ಯಾರು ಕೊಡಬೇಕು? ಕಾನೂನು 2017ರಲ್ಲಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದೆ ಜಿನ್ನಿನಲ್ಲಿ ಅರಳೆ ಆರಿಸುವವಳಿಗೆ ಅದು ಕಾಗದದ ಹೋಳಿಗೆ.

ರಾಮದುರ್ಗದಿಂದ ಬೆಳಗಾವಿ ಸುಮಾರು ನೂರು ಕಿಲೋಮೀಟರು. ಆದ್ದರಿಂದ ಈ ವಾರ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸರಕಾರಿ ದವಾಖಾನೆಗಳಿಗೆ ನಾಲ್ಕೈದು ಜನ ಕೂಡಿ ಹೋಗಿರಿ. ಕಿತ್ತೂರಿನವರೂ ತಮ್ಮೂರಿನಲ್ಲಿ ಹಾಗೆಯೇ ಮಾಡಲಿ. ರಾತ್ರಿ ಹೊತ್ತು ಹೊಟ್ಟೆ ಕೊಯ್ದು ಹೆರಿಗೆ ಮಾಡಿಸುವ ಡಾಕ್ಟರು, ಅರಿವಳಿಕೆ ಕೊಡುವವರು, ರಕ್ತ, ಆ ಮೆಗ್ನೀಸಿಯಂ ಸೂಜಿ ಈ ನಾಲ್ಕೂ ಇವೆಯೇ ಎಂದು ಕೇಳಿ, ಉತ್ತರವನ್ನು ಬರೆದುಕೊಂಡು ಬನ್ನಿರಿ.