ಪದವೀಧರರೂ ವಿದ್ಯಾರ್ಥಿ ಉದ್ಯಮಿಗಳೂ

(ನಮ್ಮ ಉಚಿತ ವಾಚನಾಲಯದ ವಾರ್ಷಿಕೋತ್ಸವದಲ್ಲಿ ಸಂಘದ ಸದಸ್ಯರೊಬ್ಬರು ಮಾಡಿದ ಭಾಷಣ)



ಈ ವಾಚನಾಲಯದ ಮೂಲೆಯ ಮೇಜಿಗೂ ನನಗೂ ಹಳೆಯ ನಂಟು. ಧಾರವಾಡದ ಕಡೆಯಿಂದ ಮುಂಬಯಿಗೆ ಬಂದ ಹೊಸದರಲ್ಲಿ, ಹಗಲು ದುಡಿದು ಸಂಜೆ ಕಾಲೇಜಿಗೆ ಹೋಗುತ್ತಿದ್ದ ನನಗೆ ಓದಿಕೊಳ್ಳಲು ಒಂದು ದೀಪ, ಒಂದು ಕುರ್ಚಿ ಸಿಕ್ಕಿದ್ದು ಇಲ್ಲಿಯೇ. ಯಾರೂ ನನ್ನಿಂದ ಒಂದು ಕಾಸು ಕೇಳಲಿಲ್ಲ. ನನ್ನ ಹೆಸರಿನ ಮುಂದೆ ಬಿ.ಕಾಂ. ಎಂದು ಸೇರಿತಲ್ಲ, ಅದರ ವೆಚ್ಚದಲ್ಲಿ ಒಂದು ಪಾಲನ್ನು ಹೊತ್ತವರು ಈ ಸಂಘದ ವಂತಿಗೆದಾರರು. ಆದುದರಿಂದ, ಉದ್ಯಮಕ್ಕೆ ಕೈಹಾಕುವ ವಿದ್ಯಾರ್ಥಿಗಳಿಗೆ ಪದವೀಧರರು ಹೇಗೆ ನೆರವಾಗಬಹುದು ಎಂಬ ವಿಷಯವಾಗಿ ಎರಡು ಮಾತನಾಡಿರೆಂದು ಕಾರ್ಯದರ್ಶಿಗಳು ಕೇಳಿದಾಗ ಒಲ್ಲೆನೆನ್ನಲಾಗಲಿಲ್ಲ. ಆದರೆ ಉಪದೇಶಕ್ಕೆ ಮುಂಚೆ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ವಿಜಾಪುರದ ಕಡೆಯ ಹುಡುಗನೊಬ್ಬ ಇಲ್ಲಿಗೆ ಓದಲು ಬರುತ್ತಿದ್ದ. ಇಂಜಿನಿಯರಿಂಗ್ ಎರಡನೆಯ ವರ್ಷ. ಅವನ ತಾಯಿ ಶೇಂಗಾ ಚಟ್ನಿ ಮಾಡುತ್ತಿದ್ದರು. ಅದನ್ನು ಕಾಲು ಕಿಲೋ ಪೊಟ್ಟಣ ಕಟ್ಟಿ ಅಂಗಡಿಗಳಿಗೆ ಕೊಡಲು ಅವನು ತೊಡಗಿದ. ನಮ್ಮ ಯುಗಾದಿ ಸಮಾರಂಭದಲ್ಲಿ ತನ್ನ ಉದ್ಯಮದ ಬಗ್ಗೆ ಸೊಗಸಾಗಿ ಮಾತನಾಡಿದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನಂತೂ ಬೆನ್ನು ತಟ್ಟಿ, "ನಿನ್ನಂಥವರು ನೂರು ಮಂದಿ ಬೇಕಪ್ಪಾ" ಎಂದೆ. ಒಂದೇ ಒಂದು ಪ್ರಶ್ನೆಯನ್ನು ಕೇಳಲಿಲ್ಲ.

ಆರು ತಿಂಗಳ ಮೇಲೆ ಅವನು ವಾಚನಾಲಯಕ್ಕೆ ಬರುವುದು ನಿಂತಿತು. ವಿಚಾರಿಸಿದಾಗ ತಿಳಿಯಿತು: ತಾಯಿಯ ಬಳೆಗಳನ್ನು ಒತ್ತೆಯಿಟ್ಟು ತಂದ ನಲವತ್ತು ಸಾವಿರ ರೂಪಾಯಿ ಮುಗಿದಿತ್ತು, ಕಾಲೇಜಿನ ಶುಲ್ಕ ಕಟ್ಟಲಾಗದೆ ಒಂದು ಅವಧಿ ತಪ್ಪಿತ್ತು. ಆಗ ಲೆಕ್ಕ ನೋಡಲು ಕುಳಿತೆವು. ಒಂದು ಪೊಟ್ಟಣಕ್ಕೆ ಸಾಮಾನು ೬೨ ರೂಪಾಯಿ, ಪೊಟ್ಟಣ ಮತ್ತು ಚೀಟಿಗೆ ೬, ಸಾಗಾಟಕ್ಕೆ ೭, ಒಟ್ಟು ೭೫. ಅಂಗಡಿಯವನು ಕೊಡುವುದು ೯೦. ಹದಿನೈದು ರೂಪಾಯಿ ಲಾಭವೆಂದು ಹುಡುಗ ನಂಬಿದ್ದ. ಆದರೆ ಹತ್ತರಲ್ಲಿ ಎರಡು ಪೊಟ್ಟಣ ಮಾರದೆ ಹಿಂದಕ್ಕೆ ಬರುತ್ತಿದ್ದವು. ಹತ್ತಕ್ಕೆ ಖರ್ಚು ೭೫೦. ಎಂಟರಿಂದ ಬಂದದ್ದು ೭೨೦. ಹೆಚ್ಚು ಮಾರಿದಷ್ಟೂ ಹೆಚ್ಚು ನಷ್ಟ! ತಾಯಿಯ ದುಡಿಮೆ, ಒಲೆಯ ಗ್ಯಾಸು ಲೆಕ್ಕದಲ್ಲೇ ಇರಲಿಲ್ಲ. ವಾರಕ್ಕೆ ಇನ್ನೂರು ಪೊಟ್ಟಣವೆಂದರೆ ವಾರಕ್ಕೆ ಹದಿನೈದು ಸಾವಿರ; ಅಂಗಡಿಗಳು ಹಣ ಕೊಡುವುದು ಎರಡು ಮೂರು ತಿಂಗಳ ಮೇಲೆ. ಮೂರು ವಾರ ತುಂಬುವಷ್ಟರಲ್ಲಿ ಬಳೆಯ ದುಡ್ಡೆಲ್ಲ ಅಂಗಡಿಗಳ ಕಪಾಟಿನಲ್ಲಿ ಕುಳಿತಿತ್ತು.

ಲೆಕ್ಕ ಮುಗಿದ ಮೇಲೆ ಹುಡುಗ ನನ್ನ ಮುಖ ನೋಡಿ ಕೇಳಿದ: "ಕಾಕಾ, ಇದನ್ನ ನೀವು ಅವತ್ತೇ ಯಾಕ ಕೇಳಲಿಲ್ಲ?"

ಮಹನೀಯರೇ, ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಲೆಕ್ಕಪತ್ರವನ್ನೇ ಓದಿ ಪದವಿ ಪಡೆದವನು ನಾನು. ಸಣ್ಣ ಉದ್ಯಮಗಳ ೨೦೦೬ರ ಕಾನೂನಿನ ಪ್ರಕಾರ, ನೋಂದಾಯಿಸಿಕೊಂಡ ಸಣ್ಣ ಉತ್ಪಾದಕನಿಂದ ಸರಕು ಕೊಂಡವನು ಬರಹದ ಕರಾರು ಇದ್ದರೂ ೪೫ ದಿನಗಳೊಳಗೆ ಹಣ ಕೊಡಬೇಕು. ಕರಾರು ಇಲ್ಲದಿದ್ದರೆ ೧೫ ದಿನಗಳೊಳಗೆ. ತಪ್ಪಿದರೆ ಬಡ್ಡಿ ಸೇರಿಸಿ ಕೊಡಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಕೊಟ್ಟದ್ದು ಚಪ್ಪಾಳೆ ಮಾತ್ರ. ಚಪ್ಪಾಳೆಗೆ ಖರ್ಚಿಲ್ಲ, ಅದಕ್ಕೇ ಅದನ್ನು ಧಾರಾಳವಾಗಿ ಕೊಡುತ್ತೇವೆ.

ಹಿಂದಿನ ಪದವೀಧರರು ಹೀಗಿರಲಿಲ್ಲ. ಡಾ. ಟಿ. ಎಂ. ಎ. ಪೈ ಅವರು ವೈದ್ಯರು. ಉಡುಪಿಯ ಕಡೆ ಕೈಮಗ್ಗದವರು ಸಂಕಟದಲ್ಲಿದ್ದಾಗ, ವ್ಯಾಪಾರಿಗಳಾದ ಉಪೇಂದ್ರ ಪೈ, ಇಂಜಿನಿಯರಾದ ವಾಮನ ಕುಡ್ವ ಇವರೊಡನೆ ಸೇರಿ ೧೯೨೫ರಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಒಂದು ಬ್ಯಾಂಕನ್ನು ಕಟ್ಟಿದರು. ೧೯೨೮ರಲ್ಲಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ತಂದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕಾಗಿ ಬೆಳೆದು, ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ವೈದ್ಯರೊಬ್ಬರು ಬಡವನ ನಾಡಿ ಹಿಡಿದಂತೆ ಅವನ ಜೇಬನ್ನೂ ನೋಡಿದ್ದರ ಫಲವಿದು.

ಕಲಕತ್ತೆಯಲ್ಲಿ ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಅವರು ೧೮೯೨ರಲ್ಲಿ ಏಳುನೂರು ರೂಪಾಯಿಗಳಿಂದ ತಮ್ಮ ಬಾಡಿಗೆಯ ಮನೆಯಲ್ಲೇ ಔಷಧ ತಯಾರಿಕೆಗೆ ತೊಡಗಿದರು. ಔಷಧವೇನೋ ಸಿದ್ಧವಾಯಿತು, ಕೊಳ್ಳುವವರಾರು? ಅವರ ಮಿತ್ರರಾದ ಡಾ. ಅಮೂಲ್ಯಚರಣ ಬೋಸ್ ಅವರು ತಾವೂ ಬಳಸಿ, ತಮ್ಮ ವೈದ್ಯಬಂಧುಗಳೂ ಬಳಸುವಂತೆ ಮಾಡಿದರು. ಬಂಗಾಳ ಕೆಮಿಕಲ್ಸ್ ೧೯೦೧ರಲ್ಲಿ ಕಂಪನಿಯಾದುದರ ಹಿಂದೆ ಈ ಗೆಳೆಯನ ಶಿಫಾರಸೂ ಇದೆ.

ನಮ್ಮ ಊರಿನ ಮಾತೇ ಬೇಕೆಂದರೆ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರಿದ್ದಾರೆ. ಇದೇ ಮುಂಬಯಿಯಲ್ಲಿ ಪಾಠ ಹೇಳುತ್ತಿದ್ದಾಗ ಅವರು ಸೈಕಲ್ಲುಗಳನ್ನು ಕೊಂಡು ಬೆಳಗಾವಿಯಲ್ಲಿದ್ದ ಅಣ್ಣ ರಾಮುಅಣ್ಣನವರಿಗೆ ಕಳುಹಿಸುತ್ತಿದ್ದರು. ಅಣ್ಣ ಅಲ್ಲಿ ಮಾರುತ್ತಿದ್ದರು. ಮುಂದೆ ಕಬ್ಬಿಣದ ನೇಗಿಲು ಮಾಡಿದಾಗ, ಅದು ಭೂಮಿಗೆ ವಿಷವೆಂದು ರೈತರು ಅಂಜಿದರು. ಮೊದಲ ನೇಗಿಲು ಮಾರಲು ಎರಡು ವರ್ಷ ಹಿಡಿಯಿತು. ೧೯೧೦ರ ಕಿರ್ಲೋಸ್ಕರವಾಡಿಯನ್ನು ನೋಡಿ ಮೆಚ್ಚುವವರು ಆ ಎರಡು ವರ್ಷಗಳನ್ನೂ ನಮ್ಮ ಹುಡುಗರಿಗೆ ಹೇಳಬೇಕು. ಗೆದ್ದ ಕಥೆ ಹುರುಪು ಕೊಡುತ್ತದೆ. ಕಾದ ಕಥೆ ಧೈರ್ಯ ಕೊಡುತ್ತದೆ.

ಹಾಗಾದರೆ ನಾವು ಮಾಡಬೇಕಾದುದೇನು? ನಾಲ್ಕು ಸಣ್ಣ ಕೆಲಸಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲನೆಯದು, ಹೊಗಳುವ ಮುಂಚೆ ಲೆಕ್ಕ ಕೇಳುವುದು. ಒಂದು ವಸ್ತುವಿಗೆ ಖರ್ಚೆಷ್ಟು, ಹಿಂದಿರುಗುವುದೆಷ್ಟು, ಹಣ ಯಾವಾಗ ಕೈಸೇರುತ್ತದೆ? ಈ ಮೂರು ಪ್ರಶ್ನೆ ಸಾಕು.

ಎರಡನೆಯದು, ಪೂರ್ಣ ಬೆಲೆ ಕೊಟ್ಟು ಮೊದಲ ಗಿರಾಕಿಗಳಾಗುವುದು. "ನಮ್ಮ ಹುಡುಗ, ಪುಕ್ಕಟೆ ಕೊಡುತ್ತಾನೆ" ಎನ್ನುವುದು ಅಭಿಮಾನವಲ್ಲ. ಹಣವನ್ನು ಅಂದೇ ಕೊಡಿ; ವಸ್ತು ಚೆನ್ನಾಗಿಲ್ಲದಿದ್ದರೆ ಅದನ್ನೂ ಅಂದೇ ಹೇಳಿ.

ಮೂರನೆಯದು, ಅವರವರ ಓದನ್ನು ಧಾರೆಯೆರೆಯುವುದು. ವಕೀಲರು ಹೇಳಲಿ: ೧೮೭೨ರ ಕರಾರು ಕಾಯಿದೆಯಂತೆ ಹದಿನೆಂಟು ತುಂಬದವನು ಮಾಡಿದ ಕರಾರಿಗೆ ಬೆಲೆಯಿಲ್ಲ, ಪ್ರಿವಿ ಕೌನ್ಸಿಲ್ ೧೯೦೩ರಲ್ಲೇ ಹಾಗೆ ತೀರ್ಪು ಕೊಟ್ಟಿದೆ. ಹದಿನೇಳರ ಹುಡುಗ ಅಂಗಡಿಯ ಬಾಡಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ತಿಳಿಯಬೇಕಾದ ಮಾತಿದು. ಬ್ಯಾಂಕಿನವರು ಹೇಳಲಿ: ೨೦೧೫ರಲ್ಲಿ ಆರಂಭವಾದ ಮುದ್ರಾ ಯೋಜನೆಯ 'ಶಿಶು' ವರ್ಗದಲ್ಲಿ ಐವತ್ತು ಸಾವಿರದವರೆಗೆ ಆಸ್ತಿಯ ಅಡವಿಲ್ಲದೆ ಸಾಲವುಂಟು. ಇದನ್ನು ಯಾರಾದರೂ ಹೇಳಿದ್ದರೆ ಆ ತಾಯಿ ಮೊದಲು ಬ್ಯಾಂಕಿನ ಬಾಗಿಲು ತಟ್ಟಬಹುದಿತ್ತು. ಸರಕಾರದ 'ಉದ್ಯಮ' ನೋಂದಣಿಗೆ ಶುಲ್ಕವಿಲ್ಲವೆಂಬುದನ್ನೂ ಹೇಳಿ. ಅದನ್ನು ಮಾಡಿಸಿಕೊಡುತ್ತೇವೆಂದು ಹಣ ಕೇಳುವ ಮಧ್ಯಸ್ಥರು ಬಹಳ.

ನಾಲ್ಕನೆಯದು, ಓದು ಬಿಡಿಸದಿರುವುದು. ಕಾಲೇಜು ತೊರೆದು ಕೋಟ್ಯಧೀಶರಾದವರ ಕಥೆಗಳು ಈಗ ಎಲ್ಲರ ಬಾಯಲ್ಲಿವೆ. ತೊರೆದು ಬರಿಗೈಯಾದವರ ಕಥೆಯನ್ನು ಯಾರೂ ಅಚ್ಚುಹಾಕುವುದಿಲ್ಲ. ಶುಲ್ಕದ ಹಣ ಬೇರೆ ಪೆಟ್ಟಿಗೆಯಲ್ಲಿರಲಿ. ವ್ಯಾಪಾರ ಅದನ್ನು ಮುಟ್ಟದಿರಲಿ. ಹುಡುಗಿಯರು ಮುಂದೆ ಬಂದಾಗ "ಮದುವೆಯಾದ ಮೇಲೆ ಇದೆಲ್ಲ ಏಕೆ" ಎನ್ನದಿರುವುದೂ ಒಂದು ದೊಡ್ಡ ನೆರವೇ.

ಆ ಹುಡುಗನ ಕಥೆ ಏನಾಯಿತೆಂದು ತಾವು ಕೇಳಬಹುದು. ಮೂರು ಭಾನುವಾರ ಇದೇ ಮೇಜಿಗೆ ಕುಳಿತು ಬಾಕಿಯ ಪಟ್ಟಿ ಮಾಡಿದೆವು. ನಾವಿಬ್ಬರು ಮೂವರು ಅವನೊಡನೆ ಅಂಗಡಿಗಳಿಗೆ ಹೋದೆವು. ಬಹುಪಾಲು ಹಣ ಬಂತು. ಕೆಲವು ಬರಲೇ ಇಲ್ಲ. ಅಂಗಡಿಗಳ ವ್ಯಾಪಾರವನ್ನು ನಿಲ್ಲಿಸಿದ. ಮುಂಗಡ ಕೊಟ್ಟ ಮನೆಗಳಿಗಷ್ಟೇ ತಾಯಿ ಚಟ್ನಿ ಮಾಡತೊಡಗಿದರು. ಒಂದು ಅವಧಿ ತಡವಾದರೂ ಪದವಿ ಮುಗಿಯಿತು. ಬಳೆಗಳು ಮನೆಗೆ ಬಂದವು. ಅವನು ದೊಡ್ಡ ಉದ್ಯಮಿಯಾಗಲಿಲ್ಲ, ಇಂದು ನೌಕರಿಯಲ್ಲಿದ್ದಾನೆ. ಆದರೆ ಮುಂದೊಮ್ಮೆ ತೊಡಗಿದರೆ ಕಣ್ಣು ತೆರೆದೇ ತೊಡಗುತ್ತಾನೆ. ಅವನ ಅಪ್ಪಣೆ ಪಡೆದೇ ಇದನ್ನು ಹೇಳಿದೆ. ಮೂರನೆಯ ಸಾಲಿನಲ್ಲಿ ಕುಳಿತು ನಗುತ್ತಿದ್ದಾನೆ.

ಕೊನೆಯದಾಗಿ ಸಂಘಕ್ಕೆ ನನ್ನದೊಂದು ಬಿನ್ನಹ. ತಿಂಗಳಿಗೊಂದು ಭಾನುವಾರ, ಬೆಳಗ್ಗೆ ಎರಡು ತಾಸು, ಆ ಮೂಲೆಯ ಮೇಜನ್ನು ಇದಕ್ಕೆ ಬಿಟ್ಟುಕೊಡಿ. ಒಬ್ಬ ಲೆಕ್ಕಿಗ, ಒಬ್ಬ ವಕೀಲ, ಒಬ್ಬ ಬ್ಯಾಂಕಿನವ ಕುಳಿತರೆ ಸಾಕು. ಹಣ ಬೇಡ, ಹಾರ ಬೇಡ. ಮೊದಲ ಭಾನುವಾರಕ್ಕೆ ನನ್ನ ಹೆಸರನ್ನು ಬರೆದುಕೊಳ್ಳಿ. ಉಳಿದ ಹೆಸರುಗಳು ಈ ಸಭೆಯಿಂದಲೇ ಬರಬೇಕು.