ಹೊರದೇಶದ ಓದಿನ ಲೆಕ್ಕ

ಮಕ್ಕಳೇ, ಬೆಳಗ್ಗೆಯಿಂದ ನಿಮ್ಮಲ್ಲಿ ನಾಲ್ಕು ಜನ ಕೇಳಿದ್ದು ಒಂದೇ: "ಅಣ್ಣ, ಜರ್ಮನಿಯಲ್ಲಿ ಓದು ಫ್ರೀಯಂತೆ, ಹೌದಾ?"

ಅರ್ಧ ಹೌದು. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಾದರೆ ನಮ್ಮಂಥವರು ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು. ಆದರೆ ವೀಸಾ ಕೇಳುವಾಗ ಇನ್ನೊಂದು ಲೆಕ್ಕ ಬರುತ್ತದೆ. ಒಂದು ವರ್ಷದ ಊಟ-ಬಾಡಿಗೆಗೆಂದು 11,904 ಯೂರೋ, ಅಂದರೆ ಹತ್ತಿರ ಹತ್ತಿರ 12 ಲಕ್ಷ, ಮೊದಲೇ 'ಬ್ಲಾಕ್ಡ್ ಅಕೌಂಟ್'ನಲ್ಲಿ ಇಟ್ಟಿರಬೇಕು. ದುಡ್ಡು ನಿಮ್ಮದೇ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ನಿಮ್ಮ ಕೈಗೇ ಬರುತ್ತದೆ. ಆದರೆ ಮೊದಲು ಇರಬೇಕಲ್ಲ?

ನನ್ನ ತಂಗಿ ಹೊರಟಾಗ ಅಪ್ಪ ಹೊಲದ ಪಹಣಿ ಹಿಡಿದು ಬ್ಯಾಂಕಿಗೆ ಹೋದರು. ಕೃಷಿ ಜಮೀನು ಆಗುವುದಿಲ್ಲ, ಸೈಟಿದ್ದರೆ ತನ್ನಿ ಎಂದರಂತೆ. ಬಸ್‌ಸ್ಟ್ಯಾಂಡಿನಲ್ಲಿ ಕೂತು ನನಗೆ ಫೋನ್ ಮಾಡಿದರು: "ಮಾರಿಬಿಡಲೇನೋ?" ಬೇಡ ಎಂದೆ. ನನ್ನ ಎಂ.ಎಸ್.ಗೆಂದು ಕೂಡಿಟ್ಟದ್ದಕ್ಕೆ, ಅಡಮಾನವಿಲ್ಲದೆ ಸಿಕ್ಕ ಸಣ್ಣ ಸಾಲ ಸೇರಿಸಿ ಅವಳ ಖಾತೆಗೆ ಕಳಿಸಿದೆ. ನಾನು ಬಿ.ಇ.ಗೇ ನಿಂತೆ. ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅಲ್ಲಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ದುಡಿಯಬಹುದು. ತಂಗಿ ಗೋಡೌನಿನಲ್ಲಿ ಪೆಟ್ಟಿಗೆ ಎತ್ತಿ ಎರಡನೇ ವರ್ಷದ ಖರ್ಚು ದುಡಿದುಕೊಂಡಳು. ಆ ಸಂಬಳ ನಂಬಿ ಮೊದಲ ವರ್ಷಕ್ಕೇ ಹೊರಡಬೇಡಿ. ಕೆಲಸ ಹೋದ ತಕ್ಷಣ ಸಿಗುವುದಿಲ್ಲ, ಭಾಷೆಯೂ ಬೇಕು.

ನಮ್ಮ ಮನೆಯ ಲೆಕ್ಕದ ಹಾಳೆ ತಂದಿದ್ದೇನೆ. ಊಟದ ಹೊತ್ತಿಗೆ ಬನ್ನಿ, ತೋರಿಸುತ್ತೇನೆ. ಅಪ್ಪ-ಅಮ್ಮನನ್ನೂ ಕರೆದುಕೊಂಡು ಬನ್ನಿ.